ಹಳೇ ಪ್ಯಾರಾ ಕ್ಲೋಸ್ ಆಯ್ತಾ?

2025ರ ಸೆಪ್ಟೆಂಬರ್ 26ರ ಪತ್ರಿಕೆಯಲ್ಲಿ ಎರಡು ಸುದ್ದಿಗಳು ಅಕ್ಕಪಕ್ಕದಲ್ಲೇ ಇದ್ದವು. ಒಂದು, ಅವತ್ತು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ. 1963ರಲ್ಲಿ ವಾಯುಪಡೆ ಸೇರಿದ ವಿಮಾನ 62 ವರ್ಷ ದುಡಿದು ಹೊರಟಿತ್ತು. ಇನ್ನೊಂದು, ಹಿಂದಿನ ದಿನವಷ್ಟೇ ರಕ್ಷಣಾ ಸಚಿವಾಲಯ ವಿಮಾನ ಕಟ್ಟುವ ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಎಚ್‌ಎಎಲ್ ಜೊತೆ ಮಾಡಿಕೊಂಡ ಒಪ್ಪಂದ: 97 ತೇಜಸ್ ಮಾರ್ಕ್-1ಎ ಯುದ್ಧವಿಮಾನ, ತೆರಿಗೆ ಬಿಟ್ಟು 62,370 ಕೋಟಿ ರೂಪಾಯಿಗೂ ಮೇಲೆ. ಅಪ್ಪ ಭೂತಗನ್ನಡಿ ಹಿಡಿದು ಎರಡನ್ನೂ ಓದಿ ಮುಗಿಸಿ ನನ್ನ ಕಡೆ ತಿರುಗಿದರು. "ಪುಟ್ಟಿ, ಹಿಂದೆ ಎಂಬತ್ಮೂರು ಅಂತ ಒಂದು ಆರ್ಡರ್ ಕೊಟ್ಟಿದ್ರಲ್ಲ, ಅವು ಎಷ್ಟು ಬಂದ್ವು?" ಒಂದೂ ಬಂದಿಲ್ಲಪ್ಪ ಅಂದೆ. "ಒಂದೂ ಇಲ್ವಾ? ಮತ್ತೆ ಹಳೇ ಪ್ಯಾರಾ ಕ್ಲೋಸ್ ಆಯ್ತಾ?"

ಅಪ್ಪ ಮೂವತ್ತು ಚಿಲ್ಲರೆ ವರ್ಷ ಲೋಕಲ್ ಆಡಿಟ್‌ನಲ್ಲಿದ್ದವರು. ಅವರ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಕೆಲಸಗಳು, ಪ್ಯಾರಾ ಇರುವಂಥವು ಮತ್ತು ಪ್ಯಾರಾ ಇಲ್ಲದಂಥವು. ಆಡಿಟ್ ವರದಿಯಲ್ಲಿ ಆಕ್ಷೇಪಣೆಯೊಂದು ಪ್ಯಾರಾ ಆಗಿ ಕೂತಿತೆಂದರೆ, ಅದಕ್ಕೆ ಸರಿಯಾದ ಅನುಪಾಲನೆ, ಅಂದರೆ ಕಚೇರಿಯವರ ಉತ್ತರ, ಬರುವವರೆಗೆ ಅದು ವರ್ಷವರ್ಷವೂ ಮುಂದಿನ ವರದಿಯ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಹಾಗಿರುವಾಗ ಅದೇ ಗುತ್ತಿಗೆದಾರನಿಗೆ ಅದೇ ಕೆಲಸವನ್ನು ಇನ್ನೂ ದೊಡ್ಡದಾಗಿ ಕೊಟ್ಟರೆ ಅಪ್ಪನಂಥವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅವತ್ತು ನಕ್ಕು ಅಡುಗೆಮನೆಗೆ ಹೋದೆ. ಆದರೆ ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಇವತ್ತಿಗೂ ಕಾಡುತ್ತಿದೆ.

ಆ 83ರ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಫೆಬ್ರುವರಿ 3ರಂದು, ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದಲ್ಲಿ. 73 ಯುದ್ಧವಿಮಾನ, 10 ತರಬೇತಿ ವಿಮಾನ, ಸುಮಾರು 48,000 ಕೋಟಿ. ಮೊದಲ ವಿಮಾನ 2024ರ ಮಾರ್ಚ್ ಮುಗಿಯುವುದರೊಳಗೆ ವಾಯುಪಡೆಯ ಕೈಗೆ ಬರಬೇಕಿತ್ತು. ಆ ಮಾರ್ಚ್ 28ರಂದು ಆ ಸಾಲಿನ ಮೊದಲ ವಿಮಾನ ಮೊದಲ ಬಾರಿಗೆ ನೆಲ ಬಿಟ್ಟು ಮೇಲೆದ್ದಿತು. ಗೃಹಪ್ರವೇಶದ ದಿನ ತಾರಸಿ ಹಾಕಿದ ಹಾಗೆ.

ಬೇಲಿ, ಹೊಲ, ಹಸು

ನಮ್ಮಲ್ಲಿ ಇಂಥದ್ದಕ್ಕೆಲ್ಲ ಸಿದ್ಧವಾಗಿರುವ ಗಾದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಲ್ಲಿ ಅದು ಸಲ್ಲುವುದಿಲ್ಲ. ಈ ಕತೆಯಲ್ಲಿ ಯಾರೋ ದುಡ್ಡು ತಿಂದರು ಎಂದು ನಾನು ಹೇಳುತ್ತಿಲ್ಲ. ತೊಡಕು ಬೇರೆಯೇ ಇದೆ. ಬೇಲಿ, ಹೊಲ, ಹಸು ಮೂರೂ ಒಬ್ಬನದೇ.

ಒಂದು ಕಡೆಯಿಂದ ನೋಡಿಕೊಂಡು ಬನ್ನಿ. ವಿಮಾನ ಹಾರಿಸುವುದು ವಾಯುಪಡೆ, ಅದರ ಪರವಾಗಿ ಒಪ್ಪಂದ ಮಾಡಿಕೊಳ್ಳುವುದು ರಕ್ಷಣಾ ಸಚಿವಾಲಯ. ಕಟ್ಟಿಕೊಡುವ ಎಚ್‌ಎಎಲ್ ಅದೇ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆಯ ಕೆಳಗಿದೆ. 2018ರಿಂದ ಷೇರುಪೇಟೆಯಲ್ಲಿದ್ದರೂ ಶೇ 71ಕ್ಕೂ ಹೆಚ್ಚು ಪಾಲು ಸರ್ಕಾರದ್ದೇ. ವಿಮಾನದ ವಿನ್ಯಾಸ ಮಾಡಿದ ಎಡಿಎ ಎಂಬ ಸಂಸ್ಥೆ ಅದೇ ಸಚಿವಾಲಯದ ಸಂಶೋಧನಾ ಅಂಗವಾದ ಡಿಆರ್‌ಡಿಒ ಮನೆಯದು. ಹಾರಲು ಯೋಗ್ಯ ಎಂದು ಪ್ರಮಾಣಪತ್ರ ಕೊಡುವ ಸೆಮಿಲ್ಯಾಕ್ ಕೂಡ ಡಿಆರ್‌ಡಿಒ ಮನೆಯದೇ. ಕಾರ್ಖಾನೆಯಲ್ಲಿ ನಿಂತು ಗುಣಮಟ್ಟ ನೋಡುವ ಡಿಜಿಎಕ್ಯುಎ ಮತ್ತೆ ಉತ್ಪಾದನಾ ಇಲಾಖೆಗೆ ಸೇರಿದ್ದು. ಇವರೆಲ್ಲ ದಕ್ಷರೇ ಇರಬಹುದು, ಪ್ರಾಮಾಣಿಕರೇ ಇರಬಹುದು. ಆದರೆ ಯಾರೇ ಯಾರ ಮೇಲೆ ದೂರು ಬರೆದರೂ ಆ ಕಾಗದ ಕೊನೆಗೆ ಹೋಗಿ ಸೇರುವುದು ಒಬ್ಬರೇ ಮಂತ್ರಿಯ ಮೇಜಿಗೆ.

ತಡವಾದರೆ ದಂಡ ಎಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಇದ್ದೇ ಇರುತ್ತದೆ. ಹಾಕಲಿ, ಬೇಡ ಅಂದವರಾರು? ಸರ್ಕಾರ ತನ್ನ ಬಲ ಜೇಬಿಗೆ ದಂಡ ಕಟ್ಟಿಸಿಕೊಳ್ಳುತ್ತದೆ. ಆ ದಂಡದಿಂದ ಕಂಪನಿಯ ಲಾಭ ಕುಗ್ಗಿ, ಲಾಭಾಂಶದ ರೂಪದಲ್ಲಿ ಎಡ ಜೇಬಿಗೆ ಬರಬೇಕಾದದ್ದು ಅಷ್ಟು ಕಡಿಮೆಯಾಗುತ್ತದೆ. ಇನ್ನು ಒಪ್ಪಂದ ರದ್ದು ಮಾಡುವ ಮಾತು. ರದ್ದು ಮಾಡಿ ಹೋಗುವುದೆಲ್ಲಿಗೆ? ಈ ಸಾಮಾನು ಸಿಗುವ ಅಂಗಡಿ ಊರಿಗೆ ಒಂದೇ, ಅಂಗಡಿಯ ಯಜಮಾನನೂ ಗಿರಾಕಿಯೇ.

ನೀರು ಹತ್ತಿಸದ ಟ್ಯಾಂಕ್

ನಾನಾಗ ಏಳನೇ ಕ್ಲಾಸು ಮುಗಿಸಿದ್ದೆ. ಬೇಸಿಗೆ ರಜೆ. ಅಮ್ಮ ತವರಿಗೆ ಹೋಗಿದ್ದರಿಂದ ಒಂದು ದಿನ ಅಪ್ಪ ನನ್ನನ್ನೂ ಜೊತೆಗೆ ಕರೆದುಕೊಂಡು ಒಂದು ತಾಲ್ಲೂಕಿಗೆ ಆಡಿಟ್‌ಗೆ ಹೋದರು. ಊರಿನ ಹೆಸರು ಬೇಡ. ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಎಂ.ಬಿ., ಅಂದರೆ ಅಳತೆ ಪುಸ್ತಕಗಳನ್ನು ತಿರುವಿ ಹಾಕಿದ ಅಪ್ಪ ಇದ್ದಕ್ಕಿದ್ದಂತೆ ಎದ್ದು, ಈ ಓವರ್‌ಹೆಡ್ ಟ್ಯಾಂಕ್ ನೋಡಬೇಕಲ್ಲ ಅಂದರು. ಕಚೇರಿಯವರ ಮುಖ ಸಣ್ಣದಾಯಿತು. ಆಡಿಟ್‌ನವರು ಸಾಮಾನ್ಯವಾಗಿ ಕಾಗದ ನೋಡುತ್ತಾರೆ, ಕಟ್ಟಡ ನೋಡುವುದಿಲ್ಲ.

ಟ್ಯಾಂಕ್ ಚೆನ್ನಾಗಿಯೇ ಇತ್ತು. ಸುಣ್ಣ ಬಳಿದು, ಕೆಳಗೆ ನೀಲಿ ಅಕ್ಷರದಲ್ಲಿ ಯೋಜನೆಯ ಹೆಸರು ಬರೆದಿದ್ದರು. ಅದರ ನೆರಳಲ್ಲಿ ಎರಡು ಎಮ್ಮೆ ಮಲಗಿದ್ದವು. ಅಪ್ಪ ಇಂಜಿನಿಯರನ್ನು ಏನೂ ಕೇಳಲಿಲ್ಲ. ಆಚೆ ಬೀಡಿ ಸೇದುತ್ತ ನಿಂತಿದ್ದ ನೀರುಗಂಟಿಯನ್ನು ಕರೆದು, "ದಿನಕ್ಕೆ ಎಷ್ಟು ಹೊತ್ತು ಬಿಡ್ತೀಯಪ್ಪ ನೀರು?" ಅಂದರು. ಆತ ಇಂಜಿನಿಯರ್ ಮುಖ ನೋಡಿದ, ನನ್ನ ಮುಖ ನೋಡಿದ. "ಇದ್ಕೆ ನೀರ್ ಎಲ್ ಹತ್ತುಸ್ತೀವಿ ಸ್ವಾಮಿ, ಹತ್ತುಸಿದ್ರೆ ತಳದಾಗೆ ಸೋರ್ತದೆ."

ಎಂ.ಬಿ.ಯಲ್ಲಿ ಎಲ್ಲವೂ ಸರಿಯಾಗಿತ್ತು. ಕಿರಿಯ ಇಂಜಿನಿಯರ್ ಅಳೆದಿದ್ದರು, ಮೇಲಿನವರು ಚೆಕ್ ಮೆಷರ್‌ಮೆಂಟ್ ಮಾಡಿದ್ದರು, ಬಿಲ್ ಪಾಸಾಗಿತ್ತು. ಮೂರೂ ಸಹಿಗಳ ಮಾಲೀಕರು ಒಂದೇ ಹಜಾರದಲ್ಲಿ ಮೂರು ಮೇಜು ಹಾಕಿಕೊಂಡು ಕೂತಿದ್ದವರು. ಕೊನೆಯಲ್ಲಿ ಒಂದು ಸಾಲು: 'ಸಣ್ಣಪುಟ್ಟ ನ್ಯೂನತೆಗಳಿಗೆ ಒಳಪಟ್ಟು ಕಾಮಗಾರಿ ಪೂರ್ಣಗೊಂಡಿದೆ.' ಇಂಜಿನಿಯರ್ ಕೆಟ್ಟ ಮನುಷ್ಯನೇನಲ್ಲ. ನನಗೊಂದು, ಅಪ್ಪನಿಗೊಂದು ಎಳನೀರು ಕೊಚ್ಚಿಸಿ, ತಗ್ಗಿದ ದನಿಯಲ್ಲಿ ಹೇಳಿದರು: "ಸಾರ್, ಮಾರ್ಚ್‌ಗೆ ತೋರಿಸ್ಲಿಲ್ಲ ಅಂದಿದ್ರೆ ಗ್ರಾಂಟ್ ಲ್ಯಾಪ್ಸ್ ಆಗಿಹೋಗ್ತಿತ್ತು. ಆಮೇಲೆ ಊರಿಗೆ ಸೋರೋ ಟ್ಯಾಂಕೂ ಇರ್ತಿರ್ಲಿಲ್ಲ." ಅಪ್ಪ ಎಳನೀರು ಮುಟ್ಟಲಿಲ್ಲ. ನಾನು ನನ್ನದನ್ನೂ ಕುಡಿದು ಅಪ್ಪನದನ್ನೂ ಕುಡಿದೆ. ಬಸ್ಸು ಹತ್ತುವ ಮುಂಚೆ ಅಪ್ಪ ಎಳನೀರಿನವನನ್ನು ಹುಡುಕಿಕೊಂಡು ಹೋಗಿ ಎರಡರ ದುಡ್ಡು ಕೊಟ್ಟುಬಂದರು. ದಾರಿಯುದ್ದಕ್ಕೂ ನನ್ನ ಹತ್ತಿರ ಮಾತಾಡಲಿಲ್ಲ.

ಐವತ್ತಮೂರು

'ಸಣ್ಣಪುಟ್ಟ ನ್ಯೂನತೆಗಳಿಗೆ ಒಳಪಟ್ಟು' ಎಂಬ ಆ ಸಾಲು ನನಗೆ ಮತ್ತೆ ಸಿಕ್ಕಿದ್ದು 2015ರಲ್ಲಿ, ತೇಜಸ್ ಬಗ್ಗೆ ದೇಶದ ಲೆಕ್ಕಪರಿಶೋಧಕ ಸಂಸ್ಥೆ ಸಿಎಜಿ ಕೊಟ್ಟ ವರದಿ ಓದುವಾಗ. ಆ ವರ್ಷದ ಮೇ ತಿಂಗಳಲ್ಲಿ ಸಂಸತ್ತಿನ ಮುಂದೆ ಬಂದ ವರದಿ ಅದು. ಮಾರ್ಕ್-1ಎಗಿಂತ ಹಿಂದಿನ ಮಾದರಿಯಾದ ತೇಜಸ್ ಮಾರ್ಕ್-1ರಲ್ಲಿ ವಾಯುಪಡೆ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ 53 ಮುಖ್ಯ ಕೊರತೆಗಳಿವೆ ಎಂದು ಅದರಲ್ಲಿ ಲೆಕ್ಕ ಕೊಟ್ಟಿದ್ದರು. 20ಕ್ಕೆ ಶಾಶ್ವತ ವಿನಾಯಿತಿ, 33ಕ್ಕೆ ತಾತ್ಕಾಲಿಕ ರಿಯಾಯಿತಿ. ವಾಯುಪಡೆ 1994ರೊಳಗೆ 220 ವಿಮಾನ ಬೇಕೆಂದಿತ್ತು. 1983ರಲ್ಲಿ 560 ಕೋಟಿ ಮಂಜೂರಾಗಿ ಶುರುವಾದ ಯೋಜನೆ ಮೊದಲ ಬಾರಿಗೆ ಹಾರಿದ್ದೇ 2001ರ ಜನವರಿ 4ರಂದು. ಸ್ವದೇಶಿ ಪಾಲು ಶೇ 70 ಎಂದು ಹೇಳಿಕೊಂಡು ಬಂದಿದ್ದರೂ ವಾಸ್ತವದಲ್ಲಿ ಶೇ 35ರ ಆಸುಪಾಸು. ವರ್ಷಕ್ಕೆ ಎಂಟು ವಿಮಾನ ಕಟ್ಟಬೇಕಾದ ಕಡೆ ಇದ್ದ ಸೌಕರ್ಯ ನಾಲ್ಕಕ್ಕೆ ಮಾತ್ರ. ತೇಜಸ್ ಬರಲಿಲ್ಲವೆಂದು ಮಿಗ್, ಜಾಗ್ವಾರ್, ಮಿರಾಜ್‌ಗಳನ್ನು ರಿಪೇರಿ, ನವೀಕರಣ ಎಂದು ಎಳೆಯಲು ಆದ ಖರ್ಚು 20,037 ಕೋಟಿ.

ಈ ಕೊನೆಯ ಅಂಕಿಯ ಮುಂದೆ ತುಂಬ ಹೊತ್ತು ಕೂತಿದ್ದೆ. ತಡವಾದ ವಿಮಾನದ ಬೆಲೆ ಆ ವಿಮಾನದ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಬೇರೆ ವಿಮಾನಗಳ ರಿಪೇರಿ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಟ್ಯಾಂಕ್ ಸೋರಿದ್ದರಿಂದ ಆ ಊರಿನ ಹೆಂಗಸರು ಎರಡು ಮೈಲಿ ನಡೆದು ನೀರು ಹೊತ್ತದ್ದು ಯಾವ ಎಂ.ಬಿ.ಯಲ್ಲೂ ಇರಲಿಲ್ಲವಲ್ಲ, ಹಾಗೆ. ಅದನ್ನು ಹುಡುಕಿ ಒಂದು ಕಡೆ ತಂದು ಕೂರಿಸುವುದೇ ಆಡಿಟ್‌ನವರ ಕಸುಬು. ಆ ಕಸುಬು 2015ರ ವರದಿಯಲ್ಲಿ ಇದೆ ಎಂಬುದನ್ನು ಒಪ್ಪಬೇಕು. ಆದರೆ 1983ರಲ್ಲಿ ಹೊರಟ ಬಂಡಿಯ ಚಕ್ರದ ಕೀಲು ಸಡಿಲವಿದೆ ಎಂದು 2015ರಲ್ಲಿ ಹೇಳಿದರೆ ಕೇಳಿಸಿಕೊಳ್ಳಲು ಹಳೆಯ ಬಂಡಿಕಾರರು ಯಾರಿರುತ್ತಾರೆ?

ರಿಯಾಯಿತಿ ಕೊಟ್ಟವರನ್ನು ಬೈಯುವುದು ಸುಲಭ. ನನಗೆ ಬೈಯಲಾಗುವುದಿಲ್ಲ. ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನದ ಸ್ಕ್ವಾಡ್ರನ್‌ಗಳು 42, ಮಿಗ್-21 ಹೋದ ಮೇಲೆ ಉಳಿದದ್ದು 29. ಇಷ್ಟು ಕೊರತೆ ಇರುವವರ ಮುಂದೆ ಅರೆಬೆಂದ ಅನ್ನ ಬಡಿಸಿದರೂ ಕೈ ತೊಳೆದು ಕೂರುತ್ತಾರೆ. ಗ್ರಾಂಟ್ ಲ್ಯಾಪ್ಸ್ ಆಗುತ್ತಿತ್ತು ಸಾರ್ ಎಂದ ಆ ಇಂಜಿನಿಯರ್ ನೆನಪಾಗುವುದು ಇಲ್ಲೇ. ಅಭಾವ ಹೆಚ್ಚಿದಷ್ಟೂ ಮೇಲ್ವಿಚಾರಣೆಯ ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ತಡವಾಗುತ್ತದೆ, ತಡವಾದಷ್ಟೂ ಅಭಾವ ಇನ್ನಷ್ಟು ಹೆಚ್ಚುತ್ತದೆ.

ಎಂಜಿನ್ ಎಲ್ಲಿ?

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಒಂದು ಮಾರುತ್ ವಿಮಾನ ನಿಲ್ಲಿಸಿದ್ದಾರೆ. ಬೆಂಗಳೂರಿನ ಮಕ್ಕಳು ಅದನ್ನು ನೋಡದೆ ದೊಡ್ಡವರಾಗುವುದಿಲ್ಲ. ನನ್ನನ್ನೂ ಅಪ್ಪ ಕರೆದೊಯ್ದಿದ್ದರು. ಜರ್ಮನಿಯ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ರೂಪಿಸಿದ, 1961ರ ಜೂನ್‌ನಲ್ಲಿ ಹಾರಿದ, ಆ ಕಾಲಕ್ಕೆ ದೊಡ್ಡ ಹೆಮ್ಮೆಯ ವಿಮಾನ ಅದು. ಅದರ ಮೈಕಟ್ಟಿಗೆ ತಕ್ಕ ಎಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ. ಸಿಕ್ಕ ಆರ್ಫಿಯಸ್ ಎಂಜಿನ್ನುಗಳಲ್ಲೇ ಜೀವನ ತೆಗೆಯಿತು. ಶಬ್ದಕ್ಕಿಂತ ವೇಗವಾಗಿ ಓಡಲು ಹುಟ್ಟಿದ್ದು ಸಮತಟ್ಟು ಹಾರಾಟದಲ್ಲಿ ಆ ವೇಗ ಮುಟ್ಟದೆ 147 ವಿಮಾನಗಳಿಗೆ ನಿಂತಿತು. ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಅದರ ಚೂಪು ಮೂಗು ನೋಡುತ್ತ ನಿಂತಿದ್ದೆ.

ತೇಜಸ್‌ಗೂ ಹಾಗೆಯೇ ಆಯಿತು. ಅದಕ್ಕೆಂದೇ ಶುರುವಾದ ಕಾವೇರಿ ಎಂಜಿನ್ ಯೋಜನೆ 2008ರಲ್ಲಿ ಬೇರ್ಪಟ್ಟಿತು. ಅಮೆರಿಕದ ಜಿಇ ಕಂಪನಿಯ ಎಫ್404 ಖಾಯಂ ಆಯಿತು. ಜಿಇ 2016ರ ಹೊತ್ತಿಗೆ 65 ಎಂಜಿನ್ ಕೊಟ್ಟು ಮುಗಿಸಿ, ಮುಂದಿನ ಆರ್ಡರ್ ಇಲ್ಲವೆಂದು ಆ ಸಾಲನ್ನು ಮುಚ್ಚಿತು. 83 ವಿಮಾನಗಳಿಗೆ ಸಹಿ ಬಿದ್ದದ್ದು 2021ರ ಫೆಬ್ರುವರಿಯಲ್ಲಿ. ಅವಕ್ಕೆ ಬೇಕಾದ 99 ಎಂಜಿನ್‌ಗೆ ಆರ್ಡರ್ ಹೋದದ್ದು ಅದೇ ಆಗಸ್ಟ್‌ನಲ್ಲಿ, ಅಂದರೆ ಆರು ತಿಂಗಳ ಮೇಲೆ. ಐದು ವರ್ಷ ತಣ್ಣಗಿದ್ದ ಒಲೆಗೆ ಮತ್ತೆ ಸೌದೆ ಹೊಂದಿಸಿ, ಬಿಡಿಭಾಗದವರನ್ನೆಲ್ಲ ಮತ್ತೆ ಒಗ್ಗೂಡಿಸಿ ಮೊದಲ ಎಂಜಿನ್ ಹೊರಬಂದದ್ದು 2025ರ ಮಾರ್ಚ್‌ನಲ್ಲಿ. ಮೊದಲ ವಿಮಾನ ಬರಬೇಕಾದ ಗಡುವು ಮುಗಿದು ಅಷ್ಟು ಹೊತ್ತಿಗೆ ಒಂದು ವರ್ಷವಾಗಿತ್ತು.

ತಡಕ್ಕೆ ಎಂಜಿನ್ ಒಂದೇ ಕಾರಣವಲ್ಲ. ಹೊಸ ರೇಡಾರ್, ಕ್ಷಿಪಣಿ, ತಂತ್ರಾಂಶ ಎಲ್ಲ ಒಂದಕ್ಕೊಂದು ಹೊಂದಿ ಪ್ರಮಾಣಪತ್ರ ಪಡೆಯುವ ಕೆಲಸವೂ ಹಿಂದೆ ಬಿದ್ದಿತು. ಆದರೆ ಎಂಜಿನ್ ವಿಷಯ ಕೆಣಕುವುದು ಏಕೆಂದರೆ, ಅದನ್ನು ಕಾಣಲು ಯಾವ ರಹಸ್ಯ ಕಡತವೂ ಬೇಕಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಯಲಹಂಕದ ಆ ವೇದಿಕೆಯ ಮೇಲೆ ಅಪ್ಪನಂಥ ಒಬ್ಬ ಒಣಕಲು ಗುಮಾಸ್ತರನ್ನು ನಿಲ್ಲಿಸಿದ್ದರೆ, ಅವರು ಕೇಳುತ್ತಿದ್ದದ್ದು ಎರಡು ಪದದ ಪ್ರಶ್ನೆ: ಎಂಜಿನ್ ಎಲ್ಲಿ? ಸಹಿ ಹಾಕುವ ಮುನ್ನ ಕೇಳಿದರೆ ಅದರ ಹೆಸರು ಮೇಲ್ವಿಚಾರಣೆ. ನಾಲ್ಕು ವರ್ಷದ ಮೇಲೆ ಕೇಳಿದರೆ ಪೋಸ್ಟ್‌ಮಾರ್ಟಂ. ನಮ್ಮಲ್ಲಿ ಎರಡನೆಯದಕ್ಕೆ ಒಳ್ಳೆಯ ವೈದ್ಯರಿದ್ದಾರೆ.

ಜೇಬು ಬೇರೆ ಬೇರೆ ಇದ್ದರೆ?

ಇಷ್ಟು ಬರೆದ ಮೇಲೆ ನನ್ನ ವಾದದ ಮೇಲೆ ನನಗೇ ಅನುಮಾನ ಬಂತು. ಕೊಳ್ಳುವವನೂ ಮಾರುವವನೂ ಬೇರೆ ಬೇರೆ ಇರುವ ಕಡೆ ಎಲ್ಲ ಸಸೂತ್ರವಾಗಿದೆಯೇ? ಅಮೆರಿಕದ ನೌಕಾಪಡೆ ಎ-12 ಎಂಬ ದಾಳಿ ವಿಮಾನಕ್ಕೆ ಮ್ಯಾಕ್‌ಡೊನೆಲ್ ಡಗ್ಲಸ್ ಮತ್ತು ಜನರಲ್ ಡೈನಾಮಿಕ್ಸ್ ಎಂಬ ಎರಡು ಖಾಸಗಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತ್ತು. ತೂಕ ಹೆಚ್ಚಿತು, ಖರ್ಚು ಹೆಚ್ಚಿತು, ದಿನ ಜಾರಿತು. 1991ರ ಜನವರಿ 7ರಂದು ರಕ್ಷಣಾ ಕಾರ್ಯದರ್ಶಿ ಡಿಕ್ ಚೇನಿ, ಕರಾರು ಮುರಿದಿದ್ದೀರಿ ಎಂದು ಇಡೀ ಯೋಜನೆಯನ್ನೇ ರದ್ದು ಮಾಡಿದರು. ಒಂದು ವಿಮಾನವೂ ಹಾರಿರಲಿಲ್ಲ. ಓದುವಾಗ, ಎಂಥ ಗಂಡೆದೆ ಅನಿಸಿತು. ಮುಂದೆ ಓದಿದೆ. ಕಂಪನಿಗಳು ಕೋರ್ಟಿಗೆ ಹೋದವು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಏರಿ ಇಳಿದು, ರಾಜಿಯಾದದ್ದು 2014ರಲ್ಲಿ. ಸರ್ಕಾರಕ್ಕೆ ಸಿಕ್ಕಿದ್ದು 40 ಕೋಟಿ ಡಾಲರ್ ಬೆಲೆಯ ವಸ್ತು ಮತ್ತು ಕೆಲಸ. ಅದರಲ್ಲಿ ಮ್ಯಾಕ್‌ಡೊನೆಲ್ ಡಗ್ಲಸ್ಸನ್ನು ಅಷ್ಟರಲ್ಲಿ ನುಂಗಿದ್ದ ಬೋಯಿಂಗ್ ಕೊಟ್ಟ ಮೂರು ವಿಮಾನಗಳೂ ಸೇರಿದ್ದವು. ಇಪ್ಪತ್ತಮೂರು ವರ್ಷದ ವ್ಯಾಜ್ಯಕ್ಕೆ ಮೂರು ವಿಮಾನ.

ಹಾಗಾಗಿ ಜೇಬು ಬೇರೆಯಾದ ಮಾತ್ರಕ್ಕೆ ವಿಮಾನ ಬೇಗ ಬರುತ್ತದೆ ಎಂದು ಹೇಳಲಾರೆ. ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅಲ್ಲಿ ಯಾರು ಯಾರಿಗೆ ಏನು ಹೇಳಿದ್ದರು, ತೂಕ ಹೆಚ್ಚಿದ್ದು ಯಾವಾಗ ಗೊತ್ತಾಯಿತು, ಗೊತ್ತಾದವರು ಯಾಕೆ ಬಾಯಿ ಬಿಡಲಿಲ್ಲ ಎಂಬುದು ಕೋರ್ಟಿನ ಕಟಕಟೆಗೆ ಬಂತು, ಜನ ಓದುವಂತಾಯಿತು. ಮನೆಯೊಳಗಿನ ಜಗಳಕ್ಕೆ ಅಂಥ ದಾಖಲೆ ಹುಟ್ಟುವುದಿಲ್ಲ.

ನಮ್ಮಲ್ಲಿ ಇರುವ ದಾಖಲೆಯೂ ತೆಳುವಾಗುತ್ತಿದೆ. 2019ರ ಫೆಬ್ರುವರಿಯಲ್ಲಿ ಸಿಎಜಿ ವರದಿ ಫ್ರಾನ್ಸಿನಿಂದ ಕೊಂಡ ರಫೇಲ್ ಯುದ್ಧವಿಮಾನಗಳ ಬೆಲೆಯ ಅಂಕಿಗಳನ್ನು ಮರೆಮಾಡಿ, ಹಿಂದಿನ ಪ್ರಸ್ತಾಪಕ್ಕಿಂತ ಶೇ 2.86ರಷ್ಟು ಅಗ್ಗ ಎಂಬ ತೀರ್ಮಾನವನ್ನಷ್ಟೇ ಕೊಟ್ಟಿತು. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡರು. "ರೂಪಾಯಿ ಮುಚ್ಚಿಟ್ಟು ಶೇಕಡಾ ತೋರಿಸಿದ್ರೆ ಟ್ಯಾಲಿ ಮಾಡೋದು ಹೇಗೆ?" ಎಂದದ್ದು ಬಿಟ್ಟರೆ ಬೇರೇನೂ ಅನ್ನಲಿಲ್ಲ. ಆಮೇಲಾಮೇಲೆ ರಕ್ಷಣೆಗೆ ಸಂಬಂಧಿಸಿದ ಆಡಿಟ್ ವರದಿಗಳನ್ನು ಜಾಲತಾಣಕ್ಕೆ ಹಾಕುವುದನ್ನೇ ಸಿಎಜಿ ಕಚೇರಿ ನಿಲ್ಲಿಸಿತು. ಸಂಸತ್ತಿನಲ್ಲಿ ಮಂಡನೆಯಾಗುತ್ತವೆ, ಆದರೆ ಮನೆಯಲ್ಲಿ ಕೂತು ಓದುವ ನನ್ನಂಥವಳ ಕೈಗೆ ಎಟುಕುವುದಿಲ್ಲ. ಶತ್ರು ದೇಶದವರು ಓದುತ್ತಾರೆಂಬ ಕಾರಣವನ್ನು ನಾನು ತಳ್ಳಿಹಾಕುವುದಿಲ್ಲ. ಯಾವ ರೇಡಾರ್ ಎಷ್ಟು ದೂರ ನೋಡುತ್ತದೆ ಎಂಬುದು ಗುಟ್ಟಾಗಿರಲಿ. ವಿಮಾನ ಎಷ್ಟು ವರ್ಷ ತಡ ಎಂಬುದರಲ್ಲಿ ಗುಟ್ಟೇನಿದೆ? ಖಾಲಿ ಹ್ಯಾಂಗರ್ ಉಪಗ್ರಹಕ್ಕೂ ಕಾಣುತ್ತದೆ.

ಕೊನೆಗೆ ಇಡೀ ದೇಶಕ್ಕೆ ಸುದ್ದಿ ಮುಟ್ಟಿದ್ದು ಆಡಿಟ್‌ನಿಂದ ಅಲ್ಲ, ಯಾವ ಸಮಿತಿಯಿಂದಲೂ ಅಲ್ಲ. 2025ರ ಫೆಬ್ರುವರಿ, ಅದೇ ಯಲಹಂಕ. ವಾಯುಪಡೆಯ ಮುಖ್ಯಸ್ಥರಾದ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಎಚ್‌ಎಎಲ್ ಅಧಿಕಾರಿಗಳ ಜೊತೆ ಆಡಿದ ಮಾತು ವಿಡಿಯೊದಲ್ಲಿ ಸಿಕ್ಕಿಬಿದ್ದು ಎಲ್ಲರ ಮೊಬೈಲಿಗೂ ಬಂತು. ನಾನು ಇಲ್ಲಿಗೆ ಬರುವ ಹೊತ್ತಿಗೆ ಹನ್ನೊಂದು ಮಾರ್ಕ್-1ಎ ಸಿದ್ಧವಿರುತ್ತವೆ ಎಂದಿದ್ದಿರಿ, ಒಂದೂ ಇಲ್ಲ, ನಿಮ್ಮ ಮೇಲೆ ನನಗೆ ಭರವಸೆಯಿಲ್ಲ ಎಂಬ ಧಾಟಿಯ ಮಾತು. ಸೋಮಾರಿತನದಿಂದ ಆದದ್ದಲ್ಲ, ತಾಂತ್ರಿಕ ತೊಡಕಿತ್ತು, ಬಗೆಹರಿದಿದೆ ಎಂದು ಎಚ್‌ಎಎಲ್ ಮುಖ್ಯಸ್ಥರು ಉತ್ತರ ಕೊಟ್ಟರು. ಗಿರಾಕಿಯ ಅಸಮಾಧಾನ ಹೊರಗೆ ಕೇಳಿಸಲು ಮೈಕು ಚಾಲೂ ಉಳಿಯಬೇಕಾಯಿತು. ಏಳು ತಿಂಗಳ ಮೇಲೆ, ಒಂದೂ ವಿಮಾನ ಬಂದಿರದಿದ್ದಾಗ, 97ರ ಹೊಸ ಒಪ್ಪಂದ.

(2025ರ ನವೆಂಬರ್ 21ರಂದು ದುಬೈ ವಿಮಾನ ಪ್ರದರ್ಶನದಲ್ಲಿ ತೇಜಸ್ ಬಿದ್ದ ಅಪಘಾತವನ್ನು ಬೇಕೆಂದೇ ಈ ಬರಹಕ್ಕೆ ತರಲಿಲ್ಲ. ಅಲ್ಲಿ ಒಬ್ಬ ಪೈಲಟ್ ಜೀವ ಹೋಯಿತು. ತಡದ ಲೆಕ್ಕಕ್ಕೂ ಆ ಸಾವಿಗೂ ಗಂಟು ಹಾಕುವುದು ಸರಿಯಲ್ಲ.)

ಅವತ್ತು ಸೆಪ್ಟೆಂಬರ್ 26ರಂದು, ಅಡುಗೆಮನೆಯಿಂದ ವಾಪಸ್ ಬಂದು ಅಪ್ಪನನ್ನೇ ಕೇಳಿದೆ. "ಅಪ್ಪಾ, ನಿಮ್ಮ ಆ ಟ್ಯಾಂಕಿನ ಪ್ಯಾರಾ ಏನಾಯ್ತು ಕೊನೆಗೆ?" ಟಿವಿಯಲ್ಲಿ ಚಂಡೀಗಢದ ನೇರಪ್ರಸಾರ ನಡೆಯುತ್ತಿತ್ತು. ಮಿಗ್‌ಗಳ ಕೊನೆಯ ಹಾರಾಟದಲ್ಲಿ ಅದೇ ವಾಯುಪಡೆ ಮುಖ್ಯಸ್ಥರು ತಾವೇ ಒಂದನ್ನು ಹಾರಿಸಿದ್ದರು. ಅಪ್ಪ ದನಿ ಕಡಿಮೆ ಮಾಡಲು ಸನ್ನೆ ಮಾಡಿದರು. "ಕ್ಲೋಸ್ ಆಯ್ತಲ್ಲ. ನಾನು ರಿಟೈರ್ ಆದ್ಮೇಲೆ. ಯಾರದೋ ಮದುವೇಲಿ ನಮ್ಮ ಆಫೀಸ್‌ನೋರು ಸಿಕ್ಕಿ ಹೇಳಿದ್ರು." ಹತ್ತೊಂಬತ್ತು ವರ್ಷ ಪ್ರತಿ ವರದಿಯಲ್ಲೂ ಅದು ಬಂದಿತ್ತಂತೆ. ಆಮೇಲೆ ರಸ್ತೆ ಅಗಲ ಮಾಡುವಾಗ ಟ್ಯಾಂಕನ್ನು ಕೆಡವಿದರಂತೆ. ಆ ವರ್ಷ ಅನುಪಾಲನೆ ಬಂತಂತೆ. ಅಪ್ಪನಿಗೆ ಅದರ ಒಕ್ಕಣೆ ಬಾಯಿಪಾಠವಾಗಿತ್ತು: 'ಸದರಿ ಕಾಮಗಾರಿಯು ಪ್ರಸ್ತುತ ಅಸ್ತಿತ್ವದಲ್ಲಿ ಇರುವುದಿಲ್ಲವಾದ್ದರಿಂದ, ಆಕ್ಷೇಪಣೆಯನ್ನು ಕೈಬಿಡಲು ಕೋರಿದೆ.'

"ಕೈಬಿಟ್ರಾ?"

"ಬಿಡದೆ? ರೂಲ್ ಪ್ರಕಾರ ಸರಿಯಾಗೇ ಇತ್ತಲ್ಲ."

ಟಿವಿಯಲ್ಲಿ ಇಳಿದುಬಂದ ಮಿಗ್‌ಗಳ ಮೇಲೆ ಎರಡೂ ಕಡೆಯಿಂದ ನೀರು ಚಿಮ್ಮಿಸುತ್ತಿದ್ದರು. ಅಪ್ಪ ಭೂತಗನ್ನಡಿ ತೆಗೆದುಕೊಂಡು ಮತ್ತೆ 97ರ ಸುದ್ದಿಗೆ ಬಗ್ಗಿದರು.